ಬೋಲ್ಟಿನ ಥ್ರೆಡ್ ಗುರುತಿಸಲು ಎರಡು ಅಳತೆ

ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರಿನ ಬೋಲ್ಟು ಮುರಿದರೆ, ಕಣ್ಣಂದಾಜಿನಿಂದ ಬೇರೊಂದನ್ನು ಬಿಗಿಯಬೇಡಿ. ಒಳಗಿನ ಥ್ರೆಡ್ ಕಿತ್ತುಹೋದರೆ ಸಣ್ಣ ಬೋಲ್ಟಿಗಾಗಿ ದುಬಾರಿ ಬಿಡಿಭಾಗವನ್ನೇ ಬದಲಿಸಬೇಕಾದೀತು.

ಹಳೆಯ ಬೋಲ್ಟನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ. ಸವೆಯದಿರುವ ಕಡೆ ಥ್ರೆಡ್ಡಿನ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಉದಾಹರಣೆಗೆ, 12 ಮಿ.ಮೀ.ಗಿಂತ ತುಸು ಕಡಿಮೆಯಿದ್ದರೆ ಅದು ಎಂ-12, 12.7 ಮಿ.ಮೀ.ಗಿಂತ ತುಸು ಕಡಿಮೆಯಿದ್ದರೆ ಅರ್ಧ ಇಂಚಿನದು.

ವ್ಯಾಸವೊಂದೇ ಸಾಲದು. ಥ್ರೆಡ್ಡಿನ ಒಂದು ಏಣಿನಿಂದ ಹನ್ನೊಂದನೆಯ ಏಣಿನವರೆಗೆ, ಅಂದರೆ ಹತ್ತು ಅಂತರಗಳನ್ನು, ಒಟ್ಟಿಗೆ ಅಳೆಯಿರಿ. ಎಂ-12ರ ಸಾಮಾನ್ಯ ಥ್ರೆಡ್ಡಿಗೆ 17.5 ಮಿ.ಮೀ. ಬರುತ್ತದೆ. ಅರ್ಧ ಇಂಚಿನದಕ್ಕೆ ಸುಮಾರು 21.2 ಬಂದರೆ ವಿಟ್‌ವರ್ತ್, 19.5 ಬಂದರೆ ಯು.ಎನ್.ಸಿ.

ಹೊಸ ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿರಿ. ನಾಲ್ಕೈದು ಸುತ್ತು ಸಲೀಸಾಗಿ ಹೋದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ; ನಡುವೆ ಬಿಗಿಯಾದರೆ ಹೊರತೆಗೆದು ಮತ್ತೊಮ್ಮೆ ಅಳೆಯಿರಿ.