ವ್ಯಾಯಾಮವೂ ಉಲ್ಲಾಸವೂ

ಧುಪದಾಳದಲ್ಲಿ ಘಟಪ್ರಭಾ ನದಿಗೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಒಡ್ಡಿನ ಹಿಂದೆ ವಿಶಾಲವಾದ ನೀರಿನ ಹರವು ಇದೆ. ಚಳಿಗಾಲದಲ್ಲಿ ಡೆಮಾಯ್ಸೆಲ್ ಕ್ರೇನ್ ಎಂಬ ಕ್ರೌಂಚಪಕ್ಷಿಗಳು ಹಿಮಾಲಯದಾಚೆಯಿಂದ ಇಲ್ಲಿಗೆ ವಲಸೆ ಬರುವುದುಂಟು. ಇಂಥ ದೀರ್ಘಯಾತ್ರೆಗೆ ಹಕ್ಕಿಗಳು ಯಾವ ಗರಡಿಯಲ್ಲಿ ತಾಲೀಮು ಮಾಡುತ್ತವೆ? ವಲಸೆಯ ಕಾಲವು ಸಮೀಪಿಸಿದಂತೆ ಕೆಲವು ಜಾತಿಯ ಹಕ್ಕಿಗಳ ಎದೆಯ ಸ್ನಾಯುಗಳು, ಯಾವ ವಿಶೇಷ ಅಭ್ಯಾಸವೂ ಇಲ್ಲದೆ, ತಾವಾಗಿಯೇ ದಪ್ಪನಾಗುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಮನುಷ್ಯನಿಗೆ ಈ ಸೌಲಭ್ಯವಿಲ್ಲ. ನಮ್ಮ ಸ್ನಾಯುಗಳು ಕೆಲಸವನ್ನು ಕೇಳಿದರೆ ಬೆಳೆಯುತ್ತವೆ, ಕೇಳದಿದ್ದರೆ ಸೊರಗುತ್ತವೆ. ಇದನ್ನು ಅರಿತೇ ಎಷ್ಟೋ ವಿದ್ಯಾರ್ಥಿಗಳು ಬೆಳಗಿನ ಓಟವನ್ನು ಆರಂಭಿಸುತ್ತಾರೆ. ಓಡಿದರೆ ಎಂಡಾರ್ಫಿನ್ ಒಸರಿ ಮನಸ್ಸು ಹಿಗ್ಗುವುದೆಂದು ಅವರು ಕೇಳಿರುತ್ತಾರೆ. ಎರಡು ವಾರ ಓಡಿದರೂ ಕಾಲುನೋವಲ್ಲದೆ ಬೇರೇನೂ ದೊರೆಯದಾಗ, ತಮ್ಮ ದೇಹದಲ್ಲಿಯೇ ಏನೋ ಕೊರತೆಯಿದೆಯೆಂದು ಬಗೆದು ಕೈಬಿಡುತ್ತಾರೆ. ಹೀಗೆ ಹದಿನೆಂಟರ ವಯಸ್ಸಿನಲ್ಲಿ ಬಿಟ್ಟ ವ್ಯಾಯಾಮವನ್ನು ವೈದ್ಯರು ಹೆದರಿಸುವವರೆಗೂ ಮತ್ತೆ ಹಿಡಿಯದವರು ಅನೇಕರು. ಆದ್ದರಿಂದ ಈ ಹಿಗ್ಗಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಿ ನೋಡೋಣ.

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಜ್ ಎಂಬ ವಿಜ್ಞಾನಿಗಳು ಮಿದುಳಿನಲ್ಲಿಯೇ ಹುಟ್ಟುವ, ಮಾರ್ಫೀನಿನಂತೆ ವರ್ತಿಸುವ ವಸ್ತುಗಳನ್ನು ಗುರುತಿಸಿದರು. ಈ ವರ್ಗಕ್ಕೆ ಮುಂದೆ ‘ಒಳಗಿನ ಮಾರ್ಫೀನ್’ ಎಂಬರ್ಥದಲ್ಲಿ ಎಂಡಾರ್ಫಿನ್ ಎಂಬ ಹೆಸರಾಯಿತು. ಶ್ರಮದ ವ್ಯಾಯಾಮದಿಂದ ರಕ್ತದಲ್ಲಿ ಎಂಡಾರ್ಫಿನ್ ಹೆಚ್ಚುವುದು ನಿಜ. ಆದರೆ ರಕ್ತಕ್ಕೂ ಮಿದುಳಿಗೂ ನಡುವಿರುವ ತಡೆಯನ್ನು ಅದು ಸುಲಭವಾಗಿ ದಾಟಲಾರದು. 2008ರಲ್ಲಿ ಜರ್ಮನಿಯ ಸಂಶೋಧಕರು ಓಟಗಾರರ ಮಿದುಳಿನೊಳಗೇ ಇಂಥ ವಸ್ತುಗಳು ಬಿಡುಗಡೆಯಾಗುವ ಸೂಚನೆಯನ್ನು ಕಂಡರು. ಆದರೆ ಆ ಹತ್ತು ಮಂದಿಯೂ ಪಳಗಿದ ಓಟಗಾರರು. ಅವರು ಓಡಿದ್ದು ಎರಡು ಗಂಟೆ! 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಎಂಡಾರ್ಫಿನ್ ವರ್ಗದ ಪರಿಣಾಮವನ್ನು ತಡೆಯುವ ಔಷಧವನ್ನು ಕೊಟ್ಟು ಓಡಿಸಿದರೂ ಓಟದ ಉಲ್ಲಾಸವು ಅಡಗಲಿಲ್ಲ. ಎಂಡೋಕ್ಯಾನಬಿನಾಯ್ಡ್ ಎಂಬ ಬೇರೆಯ ವಸ್ತುಗಳೂ ಇದಕ್ಕೆ ಕಾರಣವಾಗಿರಬಹುದೆಂದು ಈಗ ತರ್ಕಿಸಲಾಗಿದೆ. ಹೀಗೆ ಈ ಹಿಗ್ಗು ಎಲ್ಲರಿಗೂ, ಎಲ್ಲ ದಿನವೂ ಸಲ್ಲುವ ಕೂಲಿಯಲ್ಲ. ಅದು ಬಾರದಿರುವುದು ರೋಗವೂ ಅಲ್ಲ.

ಹಾಗಾದರೆ ಹಿಗ್ಗಿಲ್ಲದ ವ್ಯಾಯಾಮವು ವ್ಯರ್ಥವೇ? 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು 3 ಮೀಟರ್ ಎತ್ತರದ ಮೆಟ್ಟಿಲುಗಳನ್ನು ಹತ್ತಿದನೆನ್ನೋಣ. ಗುರುತ್ವಕ್ಕೆ ಎದುರಾಗಿ ಅವನು ಮಾಡಿದ ಕೆಲಸ 50 × 9.8 × 3, ಅಂದರೆ 1470 ಜೌಲ್. ಹಾಡುತ್ತ ಹತ್ತಿದರೂ ಗೊಣಗುತ್ತ ಹತ್ತಿದರೂ ಈ ಲೆಕ್ಕದಲ್ಲಿ ಒಂದು ಜೌಲೂ ಹೆಚ್ಚುಕಡಿಮೆಯಾಗದು. ಸ್ನಾಯುವಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಕೆಲಸವು ವಾರಗಟ್ಟಲೆ ಮರುಕಳಿಸಿದರೆ ಸ್ನಾಯುಕೋಶಗಳಲ್ಲಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಸ್ನಾಯುಗಳು ರಕ್ತದ ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಇವು ಮನಸ್ಸಿನ ಹಿಗ್ಗಿಗಾಗಿ ಕಾಯುವುದಿಲ್ಲ.

ಉಲ್ಲಾಸವನ್ನು ಕರೆದು ತರಲಾಗದಿದ್ದರೂ ಬೇಸರವನ್ನು ತಗ್ಗಿಸಬಹುದು. ಶ್ರಮವು ಒಂದು ಮಿತಿಯನ್ನು ಮೀರಿ ಏದುಸಿರು ಹತ್ತಿದಾಗ ಬಹುತೇಕ ಎಲ್ಲರಿಗೂ ಹಿಂಸೆಯೇ ಆಗುತ್ತದೆ. ಹೊಸಬರು ಮೊದಲ ದಿನವೇ ಈ ಮಿತಿಯನ್ನು ಮೀರುತ್ತಾರೆ. ಇದಕ್ಕೆ ಯಂತ್ರವಿಲ್ಲದ ಪರೀಕ್ಷೆಯೊಂದುಂಟು: ಜೊತೆಗಾರನೊಡನೆ ಮಾತನಾಡುವಷ್ಟು ಉಸಿರು ಉಳಿದಿರಬೇಕು, ಹಾಡುವಷ್ಟು ಉಳಿದಿರಬಾರದು. ಬಿರುಸಿನ ನಡಿಗೆಯಲ್ಲಿಯೇ ಈ ಹದವು ಹಲವರಿಗೆ ದೊರೆಯುತ್ತದೆ. ಎದೆನೋವು, ತಲೆಸುತ್ತು ಕಂಡರೆ ಮಾತ್ರ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಇನ್ನು ದಿನದಿನವೂ ಹೊರಡುವ ಬಗೆ ಹೇಗೆ? 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವು ಇಲ್ಲಿ ಸ್ಮರಣೀಯ. ಒಂದು ಗುಂಪಿಗೆ ವ್ಯಾಯಾಮದ ಲಾಭಗಳನ್ನು ಮಾತ್ರ ತಿಳಿಸಿದರು. ಅವರಲ್ಲಿ ನೂರಕ್ಕೆ 35 ಮಂದಿ ಮುಂದಿನ ವಾರ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿನವರಿಂದ ಯಾವ ದಿನ, ಯಾವ ಹೊತ್ತು, ಯಾವ ಸ್ಥಳ ಎಂಬುದನ್ನೂ ಬರೆಯಿಸಿದರು. ಅವರಲ್ಲಿ 91 ಮಂದಿ ಮಾಡಿದರು. ಉಪದೇಶಕ್ಕಿಂತ ಗೊತ್ತುಪಾಡೇ ಬಲವಾಯಿತು.

ನಮ್ಮ ಹಿರಿಯರ ಗರಡಿಗಳಲ್ಲಿ ಈ ತತ್ತ್ವವು ಮೊದಲಿನಿಂದಲೂ ಇದೆ. ಗೊತ್ತಾದ ಹೊತ್ತು, ಗೊತ್ತಾದ ಅಖಾಡ, ಬಾರದಿದ್ದರೆ ವಿಚಾರಿಸುವ ಉಸ್ತಾದ, ಜೊತೆಗೆ ದಂಡ ಹೊಡೆಯುವ ಗೆಳೆಯರು. ಅಲ್ಲಿ ಮನಸ್ಸಿನ ಅಪ್ಪಣೆಯನ್ನು ಕೇಳುವವರಾರು? ಧುಪದಾಳದ ನೆರೆಯ ಘಟಪ್ರಭಾದೊಡನೆ ಹೆಸರು ಬೆಸೆದುಕೊಂಡಿರುವ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದಾಗ ಕವಾಯತು, ಅಂಗಸಾಧನೆಗಳಿಗೆ ಪ್ರಾಧಾನ್ಯ ಕೊಟ್ಟರು. ಹತ್ತು ಜನ ಸಾಲಾಗಿ ನಿಂತೊಡನೆ ಹನ್ನೊಂದನೆಯವನ ಕಾಲೂ ತಾನಾಗಿ ಏಳುತ್ತದೆ.

ಉತ್ಸಾಹವು ಮಳೆಗಾಲದ ಹೊಳೆಯಂತೆ. ಬಂದಾಗ ದಡ ಮೀರುತ್ತದೆ, ಹೋದಾಗ ತಳ ಕಾಣಿಸುತ್ತದೆ. ಅದಕ್ಕೆ ನಿಯಮದ ಒಡ್ಡನ್ನು ಹಾಕಿ ಕಾಲುವೆಗೆ ತಿರುಗಿಸಿದರೆ ಬೇಸಗೆಯಲ್ಲೂ ಹೊಲಕ್ಕೆ ನೀರು ಬಂದೀತು. ಒಡ್ಡು ಕಟ್ಟುವುದಕ್ಕೆ ಕಾಲ ಬೇಕು. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸವು ಬೇರೂರಲು ಸರಾಸರಿ 66 ದಿನಗಳು ಹಿಡಿದವು. ಕೆಲವರಿಗೆ 18, ಕೆಲವರಿಗೆ 200ಕ್ಕೂ ಮಿಕ್ಕು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ ಎಂಬುದು ಸಮಾಧಾನದ ಸಂಗತಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಅದಕ್ಕೆ ಮೇಲ್ಪಟ್ಟ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿದೆ. ಇಷ್ಟನ್ನು ಒಮ್ಮೆಗೇ ಸಾಧಿಸಬೇಕಾಗಿಲ್ಲ. ನಾಳೆ ಎಷ್ಟು ಗಂಟೆಗೆ, ಎಲ್ಲಿಂದ ಎಲ್ಲಿಯವರೆಗೆ, ಯಾರ ಜೊತೆ ಎಂಬ ಮೂರು ಸಂಗತಿಗಳನ್ನು ಇಂದೇ ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಉಲ್ಲಾಸವು ಬಂದರೆ ಲಾಭದ ಮೇಲೆ ಲಾಭ. ಬಾರದಿದ್ದರೂ ಹೃದಯವು ತನ್ನ ಪಾಲನ್ನು ಪಡೆದೇ ತೀರುತ್ತದೆ.