ಅಜ್ಜನ ಕಾರಿನ ಸವೆದ ಹಲ್ಲು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಹಳೆಯ ಕಾರುಗಳಿಗೂ ಒಪ್ಪುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಎಷ್ಟೋ ಊರುಗಳಿಗೆ ಸರಿಯಾದ ರಸ್ತೆಯೇ ಇರಲಿಲ್ಲ. ಈಗ ರಸ್ತೆ ಬಂದಿದೆ, ಕಾರಿನ ಗೇರ್ ಸವೆದಿದೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತಿತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಆದರೂ ಕೆಲವು ಮನೆಗಳ ಶೆಡ್ಡಿನಲ್ಲಿ ಇವು ಇನ್ನೂ ಮನೆಯವರಂತೆಯೇ ಇವೆ. ಅಜ್ಜ ಎರಡನೇ ಗೇರ್ ಹಾಕಿದೊಡನೆ ‘ಕರ್ರ್’ ಎಂಬ ಸದ್ದು. ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳ ನಗು. ಮಕ್ಕಳೇ, ಆ ಸದ್ದು ಏನು ಹೇಳುತ್ತಿದೆ ಗೊತ್ತೇ?

ಹಗ್ಗದಾಟದ ಲೆಕ್ಕ

15 ಹಲ್ಲಿನ ಚಿಕ್ಕ ಚಕ್ರವೊಂದು 45 ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸುತ್ತಿದೆ ಎಂದುಕೊಳ್ಳಿ. ಚಿಕ್ಕದು ಮೂರು ಸುತ್ತು ಸುತ್ತಿದಾಗ ದೊಡ್ಡದು ಒಂದೇ ಸುತ್ತು. ವೇಗ ಮೂರರಲ್ಲೊಂದು ಪಾಲಾಯಿತು, ತಿರುಗಿಸುವ ಬಲ ಮೂರು ಪಟ್ಟಾಯಿತು. ಏರು ಹತ್ತಲು ಒಂದನೇ ಗೇರ್ ಬೇಕಾಗುವುದು ಇದಕ್ಕೇ.

ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಒಂದಾಗಬೇಕು. ಇಬ್ಬರು ಹಗ್ಗ ತಿರುಗಿಸುತ್ತಿರುವಾಗ ನೀವು ನಡುವೆ ನುಗ್ಗುವುದಿಲ್ಲವೇ, ಹಾಗೆ. ಹಗ್ಗದ ಲಯ ನೋಡಿ ನುಗ್ಗಿದರೆ ಆಟ, ಇಲ್ಲದಿದ್ದರೆ ಕಾಲಿಗೆ ಏಟು. ಈ ಲಯ ಹೊಂದಿಸಲು ಗೇರ್ ಪೆಟ್ಟಿಗೆಯೊಳಗೆ ಹಿತ್ತಾಳೆಯ ಉಂಗುರಗಳಿರುತ್ತವೆ. ಹಲ್ಲುಗಳು ಕೂಡುವ ಮೊದಲೇ ಈ ಉಂಗುರ ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಸಿಂಕ್ರೊಮೆಶ್ ಎಂಬ ಈ ಏರ್ಪಾಟನ್ನು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು ಮೊದಲು ತಂದಿತು. ವರ್ಷಗಟ್ಟಲೆ ಉಜ್ಜಿ ಉಂಗುರ ಸವೆದರೆ ವೇಗ ಸಮವಾಗುವುದಿಲ್ಲ. ಹಲ್ಲಿಗೆ ಹಲ್ಲು ತಾಗಿ ‘ಕರ್ರ್’ ಎನ್ನುತ್ತದೆ. ಹಳೆಯ ಅಂಬಾಸಿಡರ್‌ನ ಒಂದನೇ ಗೇರಿಗೆ ಈ ಉಂಗುರವೇ ಇರಲಿಲ್ಲ. ಕಾರು ಪೂರ್ತಿ ನಿಂತ ಮೇಲೆಯೇ ಒಂದನೇ ಗೇರ್ ಹಾಕುವುದು ಆಗಿನ ಡ್ರೈವರ್‌ಗಳ ರೂಢಿ.

ಸದ್ದು ಕೇಳಿ, ರೋಗ ತಿಳಿಯಿರಿ

ಅಜ್ಜಂದಿರೇ, ಸದ್ದು ಬಂತೆಂದ ಮಾತ್ರಕ್ಕೆ ಗೇರ್ ಪೆಟ್ಟಿಗೆ ಬಿಚ್ಚಿಸಬೇಡಿ. ಎಂಜಿನ್ ಚಾಲೂ ಇಟ್ಟು, ಕ್ಲಚ್ ಪೂರ್ತಿ ಒತ್ತಿ, ಐದಾರು ಸೆಕೆಂಡು ಕಾದು ರಿವರ್ಸ್ ಹಾಕಿ. ಆಗಲೂ ಕಿರುಗುಟ್ಟಿದರೆ ತಪ್ಪು ಬಹುಶಃ ಗೇರಿನದಲ್ಲ, ಸರಿಯಾಗಿ ಬಿಡದ ಕ್ಲಚ್ಚಿನದು. ಗೇರ್ ಎಲ್ಲಿದೆಯೆಂದು ಹುಡುಕಾಡುವಂತಾದರೆ ಲಿವರ್ ಮತ್ತು ಪೆಟ್ಟಿಗೆಯ ನಡುವಿನ ಸರಳು, ಬುಷ್‌ಗಳನ್ನು ನೋಡಿಸಿ. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಕಾರುಗಳಲ್ಲಿ ಇವು ಸವೆಯುವುದು ಸಾಮಾನ್ಯ. ರಿಪೇರಿಯೂ ಸುಲಭ. ನ್ಯೂಟ್ರಲ್‌ನಲ್ಲಿ ಗುರುಗುಟ್ಟಿ, ಕ್ಲಚ್ ಒತ್ತಿದೊಡನೆ ಸುಮ್ಮನಾದರೆ ಬೇರಿಂಗ್ ಮೇಲೆ ಸಂಶಯಪಡಬಹುದು. ಒಂದು ಗೇರ್ ಹಾಕುವಾಗ ಮಾತ್ರ ‘ಕರ್ರ್’ ಎಂದರೆ, ಅದು ಆ ಗೇರಿನ ಉಂಗುರ.

ಉಂಗುರ ಸವೆದ ಕಾರನ್ನೂ ಮೆತ್ತಗೆ ನಡೆಸಬಹುದು. ಮೇಲಿನ ಗೇರಿಗೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿ. ಮೂರರಿಂದ ಎರಡಕ್ಕೆ ಇಳಿಯುವಾಗ ಹಳೆಯ ಲಾರಿ ಡ್ರೈವರ್‌ಗಳ ಡಬಲ್ ಕ್ಲಚ್ ಮಾಡಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಂಚ ತುಳಿಯಿರಿ, ಮತ್ತೆ ಕ್ಲಚ್ ಒತ್ತಿ ಎರಡನೇ ಗೇರ್ ಹಾಕಿ. ಉಂಗುರ ಮಾಡಬೇಕಾದ ಕೆಲಸವನ್ನು ಈಗ ನಿಮ್ಮ ಕಾಲು ಮಾಡಿತು. ನಿಂತ ಕಾರಿನಲ್ಲಿ ಒಂದನೇ ಗೇರ್ ಬೀಳದಿದ್ದರೆ, ಕ್ಲಚ್ ಬಿಡದೆ ಮೂರನೇ ಗೇರನ್ನು ಮುಟ್ಟಿಸಿ ಬನ್ನಿ. ದಾರಿಯುದ್ದಕ್ಕೂ ಲಿವರ್ ಮೇಲೆ ಕೈಯಿಟ್ಟುಕೊಳ್ಳುವ ಅಭ್ಯಾಸ ಬಿಡಿ. ಕೈಯ ಭಾರಕ್ಕೂ ಒಳಗಿನ ಫೋರ್ಕ್ ಸವೆಯುತ್ತದೆ.

ಮಕ್ಕಳಿಗೊಂದು ಕೆಲಸ

ಗೇರ್ ಆಯಿಲ್ ಬದಲಿಸುವ ದಿನ ಅಜ್ಜನ ಜೊತೆ ಗ್ಯಾರೇಜಿಗೆ ಹೋಗಿ, ಒಂದು ಅಯಸ್ಕಾಂತ ಒಯ್ಯಿರಿ. ಇಳಿಸಿದ ಹಳೆಯ ಆಯಿಲ್‌ನಲ್ಲಿ ಅದನ್ನು ಆಡಿಸಿ. ಬೂದು ಬಣ್ಣದ ನುಣ್ಣನೆ ಲೇಪ ಅಂಟಿದರೆ ಅದು ವಯಸ್ಸಿನ ಸಹಜ ಸವೆತ. ಉಗುರಿನ ಚೂರಿನಂಥ ಉಕ್ಕು ಸಿಕ್ಕರೆ ಹಲ್ಲೇ ಮುರಿದಿರಬಹುದು. ಹಳದಿ ಮಿನುಗು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದು ಹಿತ್ತಾಳೆ, ಬಿಸಿಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಎಲ್ಲ ಗೇರ್ ಆಯಿಲ್‌ಗಳೂ ಹಿತ್ತಾಳೆಗೆ ಒಗ್ಗುವುದಿಲ್ಲ, ಆದ್ದರಿಂದ ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿಸಿ. ಸದ್ದಡಗಿಸಲು ಗೇರ್ ಪೆಟ್ಟಿಗೆಗೆ ಮರದ ಹೊಟ್ಟು ತುಂಬಿ ಕಾರು ಮಾರಿದವರೂ ಹಿಂದೆ ಇದ್ದರು. ಸದ್ದು ಅಡಗಿತೇ ಹೊರತು ರೋಗ ಹೋಗಲಿಲ್ಲ.

ಇಲ್ಲಿ ರಾಜಿ ಬೇಡ

ಕಿರುಗುಟ್ಟುವ ಗೇರಿನೊಂದಿಗೆ ಬಾಳಬಹುದು. ತಾನಾಗಿ ಕಳಚಿ ನ್ಯೂಟ್ರಲ್‌ಗೆ ಹಾರುವ ಗೇರಿನೊಂದಿಗೆ ಬಾಳಬಾರದು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ಇಳಿಜಾರಿನಲ್ಲಿ ಕಾರನ್ನು ಹಿಡಿದಿಡುವುದು ಬ್ರೇಕ್ ಒಂದೇ ಅಲ್ಲ, ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ಹೌದು. ಗೇರ್ ಹಾರಿದರೆ ಆ ಹಿಡಿತ ಹೋಗಿ, ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಹಳೆಯ ಡ್ರಮ್ ಬ್ರೇಕುಗಳು ಸತತ ಒತ್ತಿದರೆ ಕಾದು ಬಲ ಕಳೆದುಕೊಳ್ಳುತ್ತವೆ. ಲಿವರ್ ಅನ್ನು ಕೈಯಲ್ಲಿ ಒತ್ತಿ ಹಿಡಿಯುವುದು, ಹಗ್ಗದಲ್ಲಿ ಕಟ್ಟುವುದು ಪರಿಹಾರವಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗಲೂ ಗೇರನ್ನೇ ನಂಬದೆ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಪೆಟ್ಟಿಗೆ ಇಳಿಸುವ ಕೂಲಿ ಒಂದು ಉಂಗುರಕ್ಕೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಹಾಗಾಗಿ ಬಿಚ್ಚಿಸಿದಾಗ ಉಂಗುರ, ಬೇರಿಂಗ್, ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ನೋಡಿಸುವುದು ಜಾಣತನ. ಅಲ್ಲಿಯವರೆಗೆ ಘಟ್ಟದಾಚೆಯ ಮದುವೆಗೆ ಬಸ್ಸಿನಲ್ಲೇ ಹೋಗಿ ಬನ್ನಿ. ಗೇರ್ ಹಾರುವ ಕಾರಿಗೆ ಗ್ಯಾರೇಜಿನ ದಾರಿಯೊಂದೇ ಸಾಕು.