ಸರ್ವಾಧಿಕಾರಕ್ಕೂ ಜನರ ಒಪ್ಪಿಗೆ ಬೇಕೆ?

‘ಸರ್ವಾಧಿಕಾರ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಬಂದೂಕು, ಸೆರೆಮನೆ, ಗೂಢಚಾರರು. ಜನ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಆಡಳಿತವೆಂದೇ ನಾವು ಅದನ್ನು ಬಗೆದಿದ್ದೇವೆ. ಇದು ಅರ್ಧ ಸತ್ಯ. ಬಂದೂಕಿನಿಂದ ಒಂದು ಬೀದಿಯನ್ನು ಒಂದು ದಿನ ಬರಿದು ಮಾಡಬಹುದು. ಆದರೆ ಮೂರು ಕೋಟಿಗೂ ಮೀರಿದ ಜನರನ್ನು ದಿನವೂ ಬೆಳಗ್ಗೆ ಎಬ್ಬಿಸಿ, ಕಾರ್ಖಾನೆಗೆ ಕಳುಹಿಸಿ, ಮನಸ್ಸಿಟ್ಟು ದುಡಿಯುವಂತೆ ಮಾಡಲು ಬಂದೂಕು ಸಾಲದು. ಅದಕ್ಕೆ ಜನರ ಒಪ್ಪಿಗೆ ಬೇಕು. ಒಪ್ಪಿಗೆಯಲ್ಲದಿದ್ದರೆ ‘ಹೇಗೋ ನಡೆದುಕೊಂಡು ಹೋಗಲಿ’ ಎನ್ನುವಷ್ಟು ಸಹನೆಯಾದರೂ ಬೇಕು.

ನಿಜವಾದ ಚುನಾವಣೆಯಿಲ್ಲದ, ಸ್ವತಂತ್ರ ಪತ್ರಿಕೆಯಿಲ್ಲದ ದೇಶದಲ್ಲಿ ಆ ಸಹನೆಯನ್ನು ಆಳುವವರು ಹೇಗೆ ಸಂಪಾದಿಸುತ್ತಾರೆ? ಅದು ತೀರುತ್ತ ಬಂದಾಗ ಏನು ಮಾಡುತ್ತಾರೆ? ನಮ್ಮ ಹಿರಿಯರು ರಾಜನೀತಿಯಲ್ಲಿ ಸಾಮ, ದಾನ, ಭೇದ, ದಂಡ ಎಂದು ನಾಲ್ಕು ಉಪಾಯಗಳನ್ನು ಎಣಿಸಿದ್ದಾರೆ. ಈ ನಾಲ್ಕೂ ಒಂದೇ ದೇಶದಲ್ಲಿ, ಒಂದೇ ತಲೆಮಾರಿನ ಅವಧಿಯಲ್ಲಿ ಪ್ರಯೋಗವಾದುದನ್ನು ನೋಡಬೇಕಾದರೆ ಪೋಲೆಂಡಿನ 1970ರಿಂದ 1989ರವರೆಗಿನ ಚರಿತ್ರೆಯನ್ನು ತೆರೆಯಬೇಕು.

ಎರಡನೆಯ ಮಹಾಯುದ್ಧದ ತರುವಾಯ ಪೋಲೆಂಡಿನಲ್ಲಿ ಸೋವಿಯತ್ ಒಕ್ಕೂಟದ ನೆರಳಿನಲ್ಲಿ ಕಮ್ಯೂನಿಸ್ಟ್ ಪಕ್ಷದ ಆಳ್ವಿಕೆ ನೆಲೆಗೊಂಡಿತು. ಕಾರ್ಖಾನೆ ಸರ್ಕಾರದ್ದು, ಬಾನುಲಿ ಸರ್ಕಾರದ್ದು, ಅಂಗಡಿಗಳಲ್ಲಿ ಬಹುಪಾಲು ಸರ್ಕಾರದವು. ಪದಾರ್ಥಗಳ ಬೆಲೆಯನ್ನು ಗೊತ್ತುಮಾಡುವುದೂ ಸರ್ಕಾರವೇ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಊರಿನಲ್ಲಿ ಬೇಳೆಯ ಬೆಲೆ ಏರಿದರೆ ನಾವು ಅಂಗಡಿಯವನನ್ನು ಬೈಯುತ್ತೇವೆ, ದಲ್ಲಾಳಿಯನ್ನು ಬೈಯುತ್ತೇವೆ, ಬಾರದ ಮಳೆಯನ್ನು ಬೈಯುತ್ತೇವೆ, ಸರ್ಕಾರವನ್ನೂ ಬೈಯುತ್ತೇವೆ. ಪೋಲೆಂಡಿನಲ್ಲಿ ಬೈಯಲು ಇದ್ದವರು ಒಬ್ಬರೇ. ಎಲ್ಲವೂ ತನ್ನದೆಂದು ಹೇಳಿಕೊಂಡ ಸರ್ಕಾರ ಎಲ್ಲ ಬೈಗುಳಕ್ಕೂ ತಾನೇ ಗುರಿಯಾಯಿತು. ಆ ಚಳಿಯ ನಾಡಿನಲ್ಲಿ ಮಾಂಸಕ್ಕೆ ನಮ್ಮ ಅಕ್ಕಿಬೇಳೆಯ ಸ್ಥಾನ. ಆದುದರಿಂದ ಮತಪೆಟ್ಟಿಗೆಯ ಮುಂದೆ ಹೇಳಲಾಗದ ಮಾತನ್ನು ಪೋಲಿಷ್ ಜನ ಮಾಂಸದಂಗಡಿಯ ಮುಂದೆ ಹೇಳಿದರು.

1970ರ ಡಿಸೆಂಬರ್ 12, ಶನಿವಾರ. ಕ್ರಿಸ್ಮಸ್ ಹಬ್ಬಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಅಂದು ಸಂಜೆ ಮಾಂಸ, ಹಿಟ್ಟು ಮೊದಲಾದ ಆಹಾರ ಪದಾರ್ಥಗಳ ಬೆಲೆ ಏರಿದ ಸುದ್ದಿ ಪ್ರಸಾರವಾಯಿತು. ಸಮಾಧಾನಕ್ಕೆಂದು ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳ ಬೆಲೆಯನ್ನು ಇಳಿಸಿದ್ದರು. ಆದರೆ ಹಬ್ಬದ ಅಡಿಗೆಗೆ ಅವು ಒದಗುವುದುಂಟೆ? ಸೋಮವಾರ ಗ್ಡಾನ್ಸ್ಕ್ ನಗರದ ಹಡಗುಕಟ್ಟೆಯ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಬುಧವಾರ ಸಂಜೆ ಉಪಪ್ರಧಾನಿಯೊಬ್ಬರು ಟೆಲಿವಿಷನ್ನಿನಲ್ಲಿ ಮಾತನಾಡಿ ಕಾರ್ಮಿಕರು ಕೆಲಸಕ್ಕೆ ಮರಳಬೇಕೆಂದು ಕೇಳಿಕೊಂಡರು. ಆ ಮಾತನ್ನು ನಂಬಿ ಮರುದಿನ ಮುಂಜಾನೆ ನೆರೆಯ ಗ್ಡಿನಿಯಾದಲ್ಲಿ ಕೆಲಸಕ್ಕೆ ಹೊರಟವರ ಮೇಲೆ ರೈಲುನಿಲ್ದಾಣದ ಬಳಿಯಲ್ಲಿಯೇ ಸೈನ್ಯ ಗುಂಡು ಹಾರಿಸಿತು. ಕರಾವಳಿಯ ಪಟ್ಟಣಗಳಲ್ಲಿ ಒಟ್ಟು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅನೇಕರನ್ನು ರಾತ್ರಿಯ ಹೊತ್ತು, ಹತ್ತಿರದ ಬಂಧುಗಳನ್ನು ಮಾತ್ರ ಕರೆದು, ಮಣ್ಣು ಮಾಡಿಸಿದರು. ಇದು ದಂಡ.

ದಂಡದ ಬೆನ್ನಲ್ಲೇ ಸಾಮ ಬಂದಿತು. ಹದಿನಾಲ್ಕು ವರ್ಷ ಆಳಿದ ಗೊಮುಲ್ಕಾ ಇಳಿದರು. ಅವರ ಸ್ಥಾನಕ್ಕೆ ಎಡ್ವರ್ಡ್ ಗೀರೆಕ್ ಏರಿದರು. ಹಿಂದೆ ಗಣಿಯಲ್ಲಿ ಕಲ್ಲಿದ್ದಲು ತೆಗೆದಿದ್ದ ಮನುಷ್ಯ. 1971ರ ಜನವರಿಯಲ್ಲಿ ಅವರು ತಾವಾಗಿಯೇ ಹಡಗುಕಟ್ಟೆಗಳಿಗೆ ಹೋಗಿ ಕಾರ್ಮಿಕರೊಡನೆ ಗಂಟೆಗಟ್ಟಲೆ ಕುಳಿತು, ಅವರ ದೂರುಗಳನ್ನು ಕೇಳಿ, ತಮಗೆ ನೆರವಾಗುವಿರಾ ಎಂದು ಕೇಳಿಕೊಂಡರು. ತಪ್ಪೆಲ್ಲ ಹಳೆಯ ಮುಖಂಡರ ತಲೆಗೆ ಹೋಯಿತು. ವ್ಯವಸ್ಥೆ ಇದ್ದಂತೆಯೇ ಉಳಿಯಿತು. ಬೆಲೆಯೂ ಏರಿದ್ದಲ್ಲಿಯೇ ಉಳಿದಿತ್ತು. ಅದನ್ನು ಇಳಿಸಿದವರು ವುಜ್ ಎಂಬ ಜವಳಿ ಪಟ್ಟಣದ ಹೆಂಗಸರು. ಫೆಬ್ರವರಿಯಲ್ಲಿ ಅವರು ಮಗ್ಗ ನಿಲ್ಲಿಸಿದರು. ಪ್ರಧಾನಮಂತ್ರಿಯೇ ಬಂದು ಮಾತನಾಡಿದರೂ ಬಗ್ಗಲಿಲ್ಲ. ಗ್ಡಿನಿಯಾದ ರಕ್ತ ಇನ್ನೂ ಹಸಿಯಾಗಿತ್ತು. ಮತ್ತೊಮ್ಮೆ ಗುಂಡು ಹಾರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮಾರ್ಚ್ 1ರಿಂದ ಹಳೆಯ ಬೆಲೆಗಳು ಮರಳಿದವು.

ಅಲ್ಲಿಂದ ದಾನದ ಕಾಲ. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಗಾದೆಯನ್ನು ಗೀರೆಕ್ ಅವರ ಸರ್ಕಾರ ದೇಶದ ಮಟ್ಟದಲ್ಲಿ ನಡೆಸಿ ತೋರಿಸಿತು. ಪಶ್ಚಿಮ ದೇಶಗಳಿಂದ ಸಾಲ ತಂದು ಕಾರ್ಖಾನೆಗಳನ್ನು ಹೂಡಿದರು, ಸಂಬಳ ಏರಿಸಿದರು. ಆಹಾರದ ಬೆಲೆಯನ್ನು ಮಾತ್ರ ಕದಲಿಸಲಿಲ್ಲ. 1973ರಿಂದ ಪುಟ್ಟ ಫಿಯಟ್ ಕಾರು ದೇಶದಲ್ಲಿಯೇ ತಯಾರಾಗತೊಡಗಿತು. ಕೆಲವು ವರ್ಷ ಜನರಿಗೆ ನಿಜವಾಗಿಯೂ ಸುಖವೆನಿಸಿತು, ಅದನ್ನು ಅಲ್ಲಗಳೆಯಬಾರದು. ಆದರೆ ಕೈಯಲ್ಲಿ ಹಣ ಹೆಚ್ಚಿ, ಬೆಲೆ ನಿಂತಲ್ಲೇ ನಿಂತರೆ ಅಂಗಡಿಯ ಮುಂದೆ ಸಾಲು ಬೆಳೆಯದೆ ಏನಾದೀತು? ಪೋಲೆಂಡಿನ ವಿದೇಶೀ ಸಾಲ ದಶಕದ ಆರಂಭದಲ್ಲಿ ಸುಮಾರು ನೂರು ಕೋಟಿ ಡಾಲರ್ ಇದ್ದುದು 1980ರ ವೇಳೆಗೆ ಎರಡು ಸಾವಿರ ಕೋಟಿಯನ್ನು ದಾಟಿತು.

1976ರ ಜೂನ್ 24ರಂದು ಸರ್ಕಾರ ಮತ್ತೆ ಬೆಲೆಗೆ ಕೈಹಾಕಿತು. ಮಾಂಸಕ್ಕೆ ಸರಾಸರಿ ನೂರಕ್ಕೆ ಅರವತ್ತೊಂಬತ್ತರಷ್ಟು ಏರಿಕೆ, ಸಕ್ಕರೆಗೆ ಎರಡರಷ್ಟು. ಮಾರನೆಯ ದಿನ ರಾದೋಮ್ ಪಟ್ಟಣದಲ್ಲಿ ಪಕ್ಷದ ಕಚೇರಿ ಹೊತ್ತಿ ಉರಿಯಿತು. ವಾರ್ಸಾದ ಬಳಿಯ ಊರ್ಸುಸ್‌ನಲ್ಲಿ ಕಾರ್ಮಿಕರು ರೈಲುಹಳಿಯನ್ನು ತಡೆದರು. ಅಂದು ರಾತ್ರಿಯೇ ಪ್ರಧಾನಮಂತ್ರಿ ಪ್ರಸಾರದಲ್ಲಿ ಕಾಣಿಸಿಕೊಂಡು ಏರಿಕೆಯನ್ನು ಹಿಂದಕ್ಕೆ ಪಡೆದುದಾಗಿ ಸಾರಿದರು. ಒಂದೇ ದಿನದಲ್ಲಿ ಜನರು ಗೆದ್ದರು!

ನಿಜವಾಗಿ ಗೆದ್ದರೆ? ಬೆಲೆ ಇಳಿಯಿತು, ಆದರೆ ಇಳಿಸಿರೆಂದು ಕೇಳಿದವರನ್ನು ಪೊಲೀಸರು ಎರಡು ಸಾಲಾಗಿ ನಿಂತು, ನಡುವೆ ಓಡಿಸಿ, ಲಾಠಿಯಿಂದ ಬಡಿದರು. ಈ ಶಿಕ್ಷೆಗೆ ‘ಆರೋಗ್ಯದ ಹಾದಿ’ ಎಂಬ ಕುಹಕದ ಹೆಸರು ಬಿದ್ದಿತು. ಅನೇಕರು ಕೆಲಸ ಕಳೆದುಕೊಂಡರು, ಕೆಲವರು ಸೆರೆಮನೆ ಸೇರಿದರು. ಸರ್ವಾಧಿಕಾರದ ಮರ್ಮವೆಲ್ಲ ಈ ಒಂದು ದಿನದಲ್ಲಿ ಅಡಗಿದೆ: ಬೇಡಿದ್ದನ್ನು ಅದು ಕೊಟ್ಟೀತು, ಬೇಡುವ ಹಕ್ಕನ್ನು ಮಾತ್ರ ಕೊಡದು. ದಾನವಾಗಿ ಕೊಟ್ಟುದನ್ನು ನಾಳೆ ಹಿಂದಕ್ಕೆ ಪಡೆಯಬಹುದು. ಹಕ್ಕಾಗಿ ಕೊಟ್ಟುದನ್ನು ಹಾಗೆ ಪಡೆಯಲಾಗುವುದಿಲ್ಲ.

ಭೇದೋಪಾಯವೂ ಈ ನಡುವೆ ಕೆಲಸ ಮಾಡುತ್ತಿತ್ತು. 1968ರ ಮಾರ್ಚಿಯಲ್ಲಿ ವಿದ್ಯಾರ್ಥಿಗಳು ಮಾತಿನ ಸ್ವಾತಂತ್ರ್ಯ ಕೇಳಿದಾಗ ಅವರ ವಿರುದ್ಧ ಕಾರ್ಖಾನೆಗಳಲ್ಲಿ ಸಭೆ ಕೂಡಿಸಲಾಗಿತ್ತು. 1970ರಲ್ಲಿ ಕಾರ್ಮಿಕರು ಬೀದಿಗಿಳಿದಾಗ ಓದಿದವರಲ್ಲಿ ಹೆಚ್ಚಿನವರು ಸುಮ್ಮನಿದ್ದರು. 1976ರ ಲಾಠಿಯೇ ಈ ಗೋಡೆಯನ್ನು ಕೆಡವಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಲೇಖಕರು, ವಿದ್ವಾಂಸರು, ವಕೀಲರು ಕೂಡಿ ಕಾರ್ಮಿಕರ ರಕ್ಷಣಾ ಸಮಿತಿಯೊಂದನ್ನು ಕಟ್ಟಿದರು. ಸೆರೆಯಾದವರ ಮನೆಗಳಿಗೆ ಹಣ ಮುಟ್ಟಿಸಿದರು, ನ್ಯಾಯಾಲಯಗಳಲ್ಲಿ ಅವರ ಪರ ನಿಂತರು.

1980ರ ಜುಲೈನಲ್ಲಿ ಮಾಂಸದ ಬೆಲೆ ಸದ್ದಿಲ್ಲದೆ ಮತ್ತೆ ಏರಿತು. ಆಗಸ್ಟ್ 14ರಂದು ಗ್ಡಾನ್ಸ್ಕ್ ಹಡಗುಕಟ್ಟೆ ನಿಂತಿತು. ಈ ಬಾರಿ ಮೊದಲ ಬೇಡಿಕೆ ಮಾಂಸವಲ್ಲ. ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಕೆಲಸದಿಂದ ತೆಗೆದುಹಾಕಿದ್ದ ಆನ್ನಾ ವಲೆಂಟಿನೋವಿಚ್ ಎಂಬ ಕ್ರೇನ್ ನಡೆಸುವ ಹೆಂಗಸನ್ನು ಮರಳಿ ಸೇರಿಸಿಕೊಳ್ಳಬೇಕು ಎಂಬುದು. ಎರಡು ದಿನಗಳಲ್ಲಿ ಆಡಳಿತ ಮಣಿಯಿತು, ಸಂಬಳವನ್ನೂ ಏರಿಸಿತು. ಕೈಗೆ ಬಂದುದನ್ನು ಹಿಡಿದು ಕಾರ್ಮಿಕರು ಮನೆಗೆ ಹೊರಟಿದ್ದರು. ಆಗ ಕೆಲವು ಹೆಂಗಸರು ಬಾಗಿಲ ಬಳಿ ಅವರನ್ನು ತಡೆದರು. ನಿಮಗೇನೋ ಸಿಕ್ಕಿತು, ನಿಮ್ಮನ್ನು ನಂಬಿ ಕೆಲಸ ನಿಲ್ಲಿಸಿದ ಸಣ್ಣ ಕಾರ್ಖಾನೆಗಳವರ ಗತಿಯೇನು ಎಂದು ಕೇಳಿದರು. ಮುಷ್ಕರ ಮುಂದುವರಿಯಿತು. ಬೇಡಿಕೆಗಳು ಇಪ್ಪತ್ತೊಂದಾದವು, ಮೊದಲನೆಯದು ಸ್ವತಂತ್ರ ಕಾರ್ಮಿಕ ಸಂಘ. ಸರ್ಕಾರದೊಡನೆ ನಡೆದ ಮಾತುಕತೆ ಹಡಗುಕಟ್ಟೆಯ ಧ್ವನಿವರ್ಧಕಗಳಲ್ಲಿ ಎಲ್ಲರಿಗೂ ಕೇಳಿಸಿತು. ಆಗಸ್ಟ್ 31ರಂದು ಒಪ್ಪಂದವಾಯಿತು. ‘ಸಾಲಿಡಾರಿಟಿ’, ಎಂದರೆ ಒಗ್ಗಟ್ಟು, ಎಂಬ ಆ ಸಂಘಕ್ಕೆ ಸುಮಾರು ಒಂದು ಕೋಟಿ ಜನ ಸೇರಿದರು.

ಇದನ್ನು ಸರ್ಕಾರ ಹೆಚ್ಚು ಕಾಲ ಸಹಿಸಲಿಲ್ಲ. 1981ರ ಡಿಸೆಂಬರ್ 13, ಭಾನುವಾರ ಬೆಳಗ್ಗೆ ಆರು ಗಂಟೆಗೆ ಬಾನುಲಿಯಲ್ಲಿ ಜನರಲ್ ಯರುಜೆಲ್ಸ್ಕಿ ಸೇನಾಡಳಿತವನ್ನು ಘೋಷಿಸಿದರು. ದೂರವಾಣಿಗಳು ಸತ್ತಿದ್ದವು, ಟೆಲಿವಿಷನ್ನಿನಲ್ಲಿ ಸುದ್ದಿ ಓದುವವರು ಸೈನಿಕರ ಉಡುಪು ಧರಿಸಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಆಹಾರದ ಬೆಲೆ ಬಹಳವಾಗಿ ಏರಿತು. ಟ್ಯಾಂಕುಗಳು ಬೀದಿಯಲ್ಲಿದ್ದುದರಿಂದ ಈ ಬಾರಿ ಇಳಿಯಲಿಲ್ಲ. ಆದರೆ ಸಹನೆ ಮುಗಿದಿತ್ತು. ಶ್ವಿದ್ನಿಕ್ ಎಂಬ ಪಟ್ಟಣದಲ್ಲಿ ಸರ್ಕಾರದ ಸುದ್ದಿ ಪ್ರಸಾರವಾಗುವ ಹೊತ್ತಿಗೆ ಸರಿಯಾಗಿ ಜನ ಸಂಸಾರ ಸಮೇತ ವಾಯುಸಂಚಾರಕ್ಕೆ ಹೊರಡುತ್ತಿದ್ದರು. ಕೆಲವರು ಟೆಲಿವಿಷನ್ ಪೆಟ್ಟಿಗೆಯ ಮುಖವನ್ನು ಕಿಟಕಿಯಿಂದ ಬೀದಿಗೆ ತಿರುಗಿಸಿಟ್ಟರು. ಏಪ್ರಿಲಿನಲ್ಲಿ ವಾರ್ಸಾದಲ್ಲಿ ಗುಪ್ತ ಬಾನುಲಿಯೊಂದು ಕೆಲವು ನಿಮಿಷ ಮಾತನಾಡಿ, ಕೇಳಿಸಿದವರು ದೀಪವನ್ನು ಆರಿಸಿ ಹೊತ್ತಿಸಬೇಕೆಂದು ಕೋರಿತು. ನಗರದ ಕಿಟಕಿಗಳು ಮಿನುಗಿದವು.

ದಂಡದಿಂದ ಬೀದಿ ಶಾಂತವಾಯಿತೇ ಹೊರತು ಸಾಲ ತೀರಲಿಲ್ಲ, ಅಂಗಡಿ ತುಂಬಲಿಲ್ಲ. 1988ರಲ್ಲಿ ಮುಷ್ಕರಗಳು ಮತ್ತೆ ಎದ್ದವು. ನಾಲ್ಕು ಉಪಾಯಗಳೂ ಮುಗಿದಿದ್ದ ಸರ್ಕಾರ ತಾನೇ ನಿಷೇಧಿಸಿದ್ದ ಸಂಘದೊಡನೆ ಒಂದೇ ಮೇಜಿನ ಸುತ್ತ ಕುಳಿತಿತು. 1989ರ ಜೂನ್ 4ರಂದು ಆರಂಭವಾದ ಚುನಾವಣೆಯಲ್ಲಿ, ಮುಕ್ತ ಸ್ಪರ್ಧೆಗೆ ಬಿಟ್ಟಿದ್ದ ಸೆನೆಟ್ಟಿನ ನೂರು ಸ್ಥಾನಗಳಲ್ಲಿ ತೊಂಬತ್ತೊಂಬತ್ತು ಸಾಲಿಡಾರಿಟಿಯ ಕಡೆಯವರಿಗೆ ಬಂದವು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಇಷ್ಟು. ಸರ್ವಾಧಿಕಾರವೂ ಜನರ ಒತ್ತಾಯಕ್ಕೆ ಬಗ್ಗುತ್ತದೆ. ಬಗ್ಗಿತೆಂದ ಮಾತ್ರಕ್ಕೆ ಬದಲಾಯಿತೆಂದು ತಿಳಿಯಬಾರದು. ಯಾವ ದೇಶದ ಸುದ್ದಿಯೇ ಆಗಲಿ, ಬೆಲೆ ಇಳಿಯಿತು, ಬೇಡಿಕೆ ಈಡೇರಿತು ಎಂದು ನಿಮ್ಮ ರೇಡಿಯೋ ಹೇಳಿದಾಗ ಸಂತೋಷಪಡಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಮನಸ್ಸಿನಲ್ಲಿ ಕೇಳಿಕೊಳ್ಳಿ: ಇಳಿಸಿರೆಂದು ಮೊದಲು ಕೇಳಿದವರು ಈಗ ಎಲ್ಲಿದ್ದಾರೆ?